ಒಬ್ಬಳಿಗಷ್ಟೇ ಸಾಕಾದ ನಿಧಿ

ತದಡಿಯಲ್ಲಿ ಓದು ನಿಲ್ಲಿಸಿದ ಹುಡುಗಿಯರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ, ಸಿಗಡಿ ಸುಲಿಯುವ ಶೆಡ್ಡಿಗೆ ಹೋದರೆ ಸಾಕು. ಈ ಶ್ರಾವಣದಲ್ಲಿ ಅಲ್ಲಿ ಹೊಸದಾಗಿ ಸೇರಿದವಳು ದುರ್ಗಮ್ಮನ ಮಗಳು ರಂಜಿತಾ.

ಪಕ್ಕದ ಮನೆಯ ಗಣಪಿಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಹೋದ ವರ್ಷ ಒಂದೇ ಬೋಟು ಮುಳುಗಿ ಗಣಪಿಯ ಗಂಡನೂ ದುರ್ಗಮ್ಮನ ಗಂಡನೂ ಹೋಗಿದ್ದರು. ಗಣಪಿಯ ಮಗಳು ಧನ್ಯಾ ಮತ್ತು ರಂಜಿತಾ ಕುಮಟೆಯ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಇಬ್ಬರಿಗೂ ಸಿಕ್ಕಿತ್ತು. ಅಲ್ಲಿ ಮೀನುಗಾರರ ಮಕ್ಕಳಿಗೆಂದೇ ಒಂದು ನಿಧಿ ಇದೆ. ಅದರ ಬಡ್ಡಿ ಈ ಸಲ ಒಬ್ಬಳ ಓದಿಗಷ್ಟೇ ಸಾಲುವಂತಿತ್ತು. ಅಂಕ ತುಸು ಹೆಚ್ಚಿದ್ದ ಧನ್ಯಾ ಹಾಸ್ಟೆಲಿಗೆ ಹೋದಳು. ರಂಜಿತಾ ಶೆಡ್ಡಿಗೆ ಹೋದಳು.

ಆ ಭಾನುವಾರ ಮಹಿಳಾ ಸಂಘದ ಸಭೆ ಗಣಪಿಯ ಜಗಲಿಯಲ್ಲೇ ಸೇರಿತು. ಹೈಸ್ಕೂಲಿನ ಟೀಚರ್ ಮಾಲತಿಯೂ ಬಂದಿದ್ದಳು. ಅವಳು ಅದೇ ವಿಶ್ವವಿದ್ಯಾಲಯದಲ್ಲಿ ಓದಿದವಳು. ಗಣಪಿ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿಕೊಂಡಳು.

“ಅಷ್ಟ್ ದೊಡ್ಡ ಬಿಲ್ಡಿಂಗ್ ಅದೆ ಅವ್ರದ್ದು. ಇನ್ನೊಂದು ಹುಡ್ಗಿಗೆ ಅನ್ನ ಹಾಕುಕೆ ಎಂತ ಕಷ್ಟ?”

“ಬಿಲ್ಡಿಂಗ್ ಕಟ್ಟಿಸ್ದವ್ರು ಬೇರೆ, ಗಣಪಿಯಕ್ಕ. ಈ ನಿಧಿ ನಮ್ದು, ಮೀನುಗಾರ್ರದ್ದು, ಅಲ್ಲಿ ಓದ್ದವ್ರದ್ದು. ನಾವ್ ಹಾಕ್ದಷ್ಟೇ ಅದ್ರಲ್ಲಿ ಇರೂದು.”

ಮಳೆಗಾಲದ ಬಂದ್ ಮುಗಿದು ಬೋಟುಗಳು ನೀರಿಗಿಳಿಯುವಾಗ ಮಾಲತಿ ವರ್ಷವೂ ಬೋಟು ನಿಲ್ಲುವ ಧಕ್ಕೆಗೆ ಬಂದು ಈ ನಿಧಿಗೆ ದುಡ್ಡು ಕೇಳುತ್ತಿದ್ದುದು ಗಣಪಿಗೆ ಗೊತ್ತಿತ್ತು. ಬಲೆ ತುಂಬ ಬಂಗಡೆ ಮೀನು ಬೀಳಲಿ, ಕೊಡುವಾ ಎನ್ನುತ್ತಿದ್ದರು ಎಲ್ಲ ಬೋಟಿನವರೂ. ಮಾಡಿಗೆ ಹೆಂಚು ಹೊದಿಸುವುದರಿಂದ ಹಿಡಿದು ಹರಕೆಯವರೆಗೆ ಎಲ್ಲವನ್ನೂ ಬಂಗಡೆಯ ಮೇಲೆ ಹಾಕುವುದೇ ಇಲ್ಲಿಯ ರೂಢಿ. ಚಿಲ್ಲರೆ ಕೊಟ್ಟರೆ ಮರ್ಯಾದೆಯಲ್ಲ, ಕೊಟ್ಟರೆ ಹಿಡಿದ ಮೀನಿನ ಒಂದು ಇಡೀ ಪಾಲನ್ನೇ ಕೊಡಬೇಕು ಎಂದು ಅವಳ ಗಂಡ ವೆಂಕಟ್ರಮಣ ಹೇಳುತ್ತಿದ್ದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಅಂಥ ಬಂಗಡೆ ಬೀಳಲಿಲ್ಲ. ಅವನೂ ಉಳಿಯಲಿಲ್ಲ.

“ಮೀನ್ ಮಾರೂ ಹೆಂಗಸ್ರ ಚಿಲ್ರೆ ನೋಡಿ ಅಲ್ಲಿ ನಗಾಡ್ತ್ರು,” ಎಂದಳು ಗಣಪಿ ಕಡೆಗೆ.

ನಗಾಡಿದವರು ಅಲ್ಲಿಯವರಲ್ಲ, ಜೊತೆಗೆ ಓದಿದ ತಾವೇ ಎಂದು ಮಾಲತಿ ಒಪ್ಪಿಕೊಂಡಳು. ಅವಳೊಟ್ಟಿಗೆ ಓದಿದ ಕಾಗಾಲದ ಭಾಸ್ಕರ ಐಸ್ ಪ್ಲಾಂಟಿನ ಮೊದಲ ಸಂಬಳದಲ್ಲಿ ಈ ನಿಧಿಗೆ ಒಂದು ಊಟದಷ್ಟೇ ದುಡ್ಡು ಕಳಿಸಿದ್ದ, ಅದಕ್ಕೇ ಇವರು ನಕ್ಕದ್ದು. ಆ ದುಡ್ಡು ಯಾರ ಓದಿಗೆ ಹೋಯಿತೆಂದು ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಮರುವರ್ಷ ತುಸು ಹೆಚ್ಚು ಕಳಿಸಿದ, ಗೆಳೆಯರಿಂದಲೂ ಕೊಡಿಸಿದ. ಒಂದು ವರ್ಷವೂ ತಪ್ಪಿಸಲಿಲ್ಲ. ಸ್ವಂತ ಐಸ್ ಪ್ಲಾಂಟುಗಳಾದ ಮೇಲೆ ಹುಡುಗಿಯರಿಗೆ ಹಾಸ್ಟೆಲನ್ನೇ ಕಟ್ಟಿಸಿದ. ಧನ್ಯಾ ಈಗ ಮಲಗುವುದು ಅಲ್ಲಿಯೇ.

“ಒಂದೇ ಸಲ ಅಷ್ಟ್ ಕೊಡುಕೆ ಯಾರಿಗೂ ಕೈ ಬರೂದಿಲ್ಲ ಅಕ್ಕ. ಸಣ್ಣದು ಕೊಟ್ಟು ಕೊಟ್ಟು ರೂಢಿ ಆಗ್ಬೇಕು. ಬೇಗ ಹಾಕಿದ್ದು ಅಲ್ಲಿ ಬಡ್ಡಿ ಸೇರಿ ಬೆಳೀತದೆ.”

ಕಂಬಕ್ಕೆ ಒರಗಿದ್ದ ದುರ್ಗಮ್ಮ ಮುಂದೆ ಬಾಗಿ ಕೇಳಿದಳು.

“ಹಂಗಾರೆ ನಮ್ಮವ್ರು ಆಗ್ಲೇ ಶುರು ಮಾಡಿದ್ರೆ ನನ್ ಮಗಳೂ ಹೋಗ್ತಿದ್ಲಾ?”

ಮಾಲತಿ ದುರ್ಗಮ್ಮನ ಕಡೆ ತಿರುಗಿದಳು. “ಹೋಗ್ತಿದ್ಲು.”

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಮೀನುಪೇಟೆಯಲ್ಲಿ ಗಣಪಿ ತನ್ನ ಬೋಣಿಯ ದುಡ್ಡನ್ನು, ಅಂದರೆ ದಿನದ ಮೊದಲ ಗಿರಾಕಿ ಕೊಟ್ಟದ್ದನ್ನು, ಕಣ್ಣಿಗೊತ್ತಿ ಬೇರೆ ಇಟ್ಟಳು. ಇನ್ನು ಪ್ರತಿ ಸೋಮವಾರದ ಬೋಣಿ ನಿಧಿಗೆ ಎಂದಳು. ಧನ್ಯಾ ಫೋನಿನಲ್ಲಿ, ಕೆಲಸ ಸಿಕ್ಕಿದ ತಿಂಗಳಿಂದ ತಾನೂ ಕೊಡುವೆನೆಂದಳು. ಸಂಘದವರು ಒಬ್ಬೊಬ್ಬರೇ ಸೇರಿಕೊಂಡರು. ದುರ್ಗಮ್ಮನೂ ಕೊಟ್ಟಳು. ರಂಜಿತಾ ಅವರ ಮುಂದೆಯೇ ಶೆಡ್ಡಿಗೆ ನಡೆದುಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನೀವೋ ನಿಮ್ಮ ಮಕ್ಕಳೋ ಕಲಿತ ಕಡೆ ಇಂಥ ನಿಧಿ ಇದೆಯೇ ಎಂದು ವಿಚಾರಿಸಿ. ಇದ್ದರೆ ಈ ತಿಂಗಳೇ ಕೈಲಾದಷ್ಟು ಕೊಡಿ. ರಸೀದಿ ಪಡೆಯಿರಿ, ಯಾರ ಓದಿಗೆ ಹೋಯಿತೆಂದು ಕೇಳಿ. ಬರುವ ವರ್ಷವೂ ಕೊಡಿ. ರಂಜಿತಾಳ ವರ್ಷ ಹೋಯಿತು. ಅವಳ ತಂಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ.