ಡಾಲಿಯ ಉಗುರು

ಡಾಲಿಯ ಹಿಂಗಾಲನ್ನು ಅಂಗೈಯಲ್ಲಿಟ್ಟುಕೊಂಡು ಶೇಖರ ಕೊನೆಯ ಉಗುರನ್ನು ಕತ್ತರಿಸಿದ. ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಬಿಳಿ ಕೂದಲ ರಾಶಿ ಬಿದ್ದಿತ್ತು. ಎಂಟು ವರ್ಷದ ಪೊಮೆರೇನಿಯನ್ ಅವನ ತೊಡೆಗೆ ಗದ್ದ ಊರಿ ಕಣ್ಣು ಮುಚ್ಚಿತ್ತು. ಎದುರಿನ ಕುರ್ಚಿಯಲ್ಲಿ ಕುಳಿತಿದ್ದ ಜಯಲತಾ ತಮ್ಮ ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡರು. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಅರವತ್ತಮೂರರ ವಯಸ್ಸಿಗೆ ಶೋಭೆಯಲ್ಲ, ಆದರೂ ಪಟ್ಟರು.

ಮೊಣಕಾಲಿನ ಆಪರೇಶನ್ ಆದಂದಿನಿಂದ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಬಲಗಾಲ ಹೆಬ್ಬೆರಳಿನ ಉಗುರು ಬೆಳೆದು ಮಾಂಸಕ್ಕಿಳಿದಿತ್ತು. ಚಪ್ಪಲಿ ಮೆಟ್ಟಿದರೆ ಜೀವ ಹೋಗುತ್ತಿತ್ತು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜಗತ್ತಿನವರನ್ನೆಲ್ಲ ಮಾತಿಗೆ ಜೋಡಿಸಿದವರು. ಮದುವೆಯಾಗಲಿಲ್ಲ. ಮುಂಬಯಿ ಪಕ್ಕದ ಡೊಂಬಿವಲಿಯ ಈ ಕಟ್ಟಡದಲ್ಲಿ ಕಾಲು ಚಾಚಿ ಇದೊಂದು ಕತ್ತರಿಸಿಕೊಡಿ ಎನ್ನುವಷ್ಟು ಹತ್ತಿರದವರು ಅವರಿಗೆ ಯಾರೂ ಇರಲಿಲ್ಲ. ಕನ್ನಡ ಮಾತಾಡಲು ಇದ್ದವನೂ ಶೇಖರ ಒಬ್ಬನೇ. ತಿಂಗಳಿಗೊಮ್ಮೆ ಭಾನುವಾರ ದಿವಾದಿಂದ ಲೋಕಲ್ ರೈಲು ಹಿಡಿದು, ಬಾಚಣಿಗೆ, ಡ್ರೈಯರ್ ತುಂಬಿದ ಚೀಲ ಹೊತ್ತು ಬರುತ್ತಿದ್ದ. ಅವನೂ ತಮ್ಮೂರು ಬ್ರಹ್ಮಾವರದ ಕಡೆಯವನೆಂದು ತಿಳಿದ ಮೇಲೆ ಆ ದಿನಕ್ಕೆಂದೇ ಅವರು ನೀರುದೋಸೆಗೆ ಅಕ್ಕಿ ನೆನೆಹಾಕುತ್ತಿದ್ದರು. ಅವನು ಅಕ್ಕ ಎಂದು ಕರೆಯುತ್ತಿದ್ದ. ಅದು ಕಿವಿಗೆ ಬೇಕಾಗಿತ್ತು.

ಅವತ್ತು ಅವನು ಖುಷಿಯಲ್ಲಿದ್ದ. ಕೈ ಒರೆಸಿಕೊಂಡು, ಹೊಸದಾಗಿ ಅಚ್ಚುಹಾಕಿಸಿದ ಕಾರ್ಡೊಂದನ್ನು ಕೊಟ್ಟ. ಮೇಲೆ ನಾಯಿ ಮತ್ತು ಬೆಕ್ಕಿನ ಚಿತ್ರ, ಕೆಳಗೆ ಶೇಖರ ಭಂಡಾರಿ, ಪೆಟ್ ಗ್ರೂಮರ್ ಎಂದಿತ್ತು. ಆರು ತಿಂಗಳು ಕೋರ್ಸು ಮಾಡಿ ಕಲಿತದ್ದನ್ನೂ ಹೇಳಿದ.

ಹೆಸರು ಓದುತ್ತಲೇ ಜಯಲತಾಗೆ ಎದೆ ಹಗುರಾಯಿತು. ಊರಿನ ಮನೆಯ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ಮನೆಮಂದಿಯ ಕ್ಷೌರ ಮಾಡಿ ಉಗುರು ತೆಗೆಯುತ್ತಿದ್ದ ಮುದುಕ ಭಂಡಾರಿ ನೆನಪಾದ. ಮೂರು ತಿಂಗಳಿಂದ ಗಂಟಲಲ್ಲಿ ನಿಂತಿದ್ದ ಮಾತು ಸಲೀಸಾಗಿ ಹೊರಬಂತು.

"ಭಂಡಾರಿಯಾ ನೀನು? ಅದಕ್ಕೇ ಕೈ ಇಷ್ಟು ಹಗುರ. ಹಾಗಾದ್ರೆ ನಿನ್ನತ್ರ ನಂಗೆ ಎಂತ ನಾಚಿಕೆ? ನನ್ನದೂ ಸ್ವಲ್ಪ ಉಗುರು ತೆಗ್ದುಕೊಡು ಮಾರಾಯ."

ಶೇಖರ ಕಾರ್ಡನ್ನೇ ನೋಡಿದ. "ಅಪ್ಪ ಆ ಕೆಲ್ಸ ಬೇಡಾಂತ್ಲೇ ಬೊಂಬಾಯಿಗೆ ಬಂದದ್ದು ಅಕ್ಕ," ಎಂದ ಮೆಲ್ಲಗೆ.

ಆದರೆ ಬಾತುಕೊಂಡ ಹೆಬ್ಬೆರಳು ಕಂಡಿತು. ಬಿಸಿನೀರು ತಂದ. ಅವರದೇ ನೇಲ್ ಕಟರ್ ಕೇಳಿ ಪಡೆದು ಹತ್ತೂ ಉಗುರು ತೆಗೆದ, ಒಂದು ಮಾತೂ ಆಡಲಿಲ್ಲ. ತಮ್ಮ ಪಾದವನ್ನು ಯಾರಾದರೂ ಹಿಡಿದು ಎಷ್ಟು ವರ್ಷವಾಯಿತೆಂದು ನೆನಪಾಗದೆ ಜಯಲತಾ ಕಣ್ಣೊರೆಸಿಕೊಂಡರು. ಆ ಮೌನವೂ ಅವರಿಗೆ ಹಿತವಾಗಿತ್ತು.

ಹೊರಡುವಾಗ, ಅಮ್ಮ ಆ ಮುದುಕನಿಗೆ ಕೊಡುತ್ತಿದ್ದಂತೆಯೇ, ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಕೈಚೀಲಕ್ಕೆ ಹಾಕಿ ಕೊಟ್ಟರು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಗಾಡಿಗೆ ಹೊತ್ತಾಯಿತೆಂದು ದೋಸೆ ತಿನ್ನಲಿಲ್ಲ.

ಸಂಜೆ ಕಸದ ಬುಟ್ಟಿ ಹೊರಗಿಡಲು ಹೋದಾಗ ಅಕ್ಕಿ, ಕಾಯಿಯ ಆ ಕೈಚೀಲ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಇತ್ತು. ಪಾಪ, ಮರೆತ ಎಂದುಕೊಂಡು ಫೋನ್ ಮಾಡಿದರು. "ಇರ್ಲಿ," ಎಂದಷ್ಟೇ ಹೇಳಿ ಅವನು ಇಟ್ಟುಬಿಟ್ಟ. ದನಿಗಳನ್ನು ಕೇಳಿಯೇ ಬದುಕಿದ ಕಿವಿ ಅವರದು. ಮರೆತವನ ದನಿ ಅದಲ್ಲ ಎಂದು ತಿಳಿಯಿತು. ಹೆಸರು ಓದಿ ಆಡಿದ ಮಾತು, ಚಾಚಿದ ಕಾಲು, ಕೊಟ್ಟ ಅಕ್ಕಿ, ಏನಾಯಿತೆಂದೂ ಒಂದೊಂದಾಗಿ ತಿಳಿಯುತ್ತ ಹೋಯಿತು. ತಿಂಗಳಿಡೀ ತಮ್ಮನ್ನೇ ಬೈದುಕೊಂಡರು, ಅವನು ಬಂದರೆ ಹೇಳಬೇಕಾದ ಮಾತನ್ನು ಡಾಲಿಯ ಎದುರು ಹೇಳಿ ಹೇಳಿ ನೋಡಿಕೊಂಡರು.

ಮುಂದಿನ ತಿಂಗಳ ಭಾನುವಾರ ಎಂದಿನಂತೆ ಅವನು ಬಂದ. "ನಮಸ್ತೇ ಮೇಡಂ. ಡಾಲಿ ಕೈಸೀ ಹೈ?" ಎಂದ ಹಿಂದಿಯಲ್ಲಿ.

"ಶೇಖರ, ಅವತ್ತು ನಾನು..."

"ಕೋಯೀ ಬಾತ್ ನಹೀ ಮೇಡಂ," ಎಂದು ಅವನು ಪೇಪರು ಹಾಸಿದ.

ಕೆಲಸದಲ್ಲಿ ಕುಂದಿರಲಿಲ್ಲ. ಕಿವಿಯ ಹಿಂದಿನ ಗಂಟುಗಳನ್ನು ನೋಯದಂತೆ ಬಿಡಿಸಿದ, ಉಗುರು ಕತ್ತರಿಸಿದ, ಪೇಪರು ಮಡಚಿದ. ಸಿಟ್ಟಾದರೂ ಮಾಡಬಾರದಿತ್ತೇ ಎನಿಸಿತು ಜಯಲತಾಗೆ. ಮುಚ್ಚಿಟ್ಟ ದೋಸೆ ಆರಿತ್ತು.

ಚೀಲ ಹೆಗಲಿಗೇರಿಸಿ ಅವನು ಕೇಳಿದ. "ಔರ್ ಕುಛ್, ಮೇಡಂ?"

ಬೆರಳಿನ ಉಗುರು ಮತ್ತೆ ಚುಚ್ಚತೊಡಗಿತ್ತು. ಅವರು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

"ಕುಛ್ ನಹೀ."

ಬಾಗಿಲು ಮುಚ್ಚಿತು. ಡಾಲಿ ಮುಚ್ಚಿದ ಬಾಗಿಲವರೆಗೆ ಓಡಿತು. ಟೈಲ್ಸಿನ ಮೇಲೆ ಅದರ ಉಗುರಿನ ಸದ್ದೇ ಕೇಳಲಿಲ್ಲ.