ಎಂಟು-ಎಂಟರ ಪ್ರೊಪೆಲ್ಲರ್

ನಮ್ಮ ಭಾವನವರಿಗೆ ತಕ್ಕಡಿಯ ಮೇಲಿರುವ ನಂಬಿಕೆ ಮನುಷ್ಯರ ಮೇಲಿಲ್ಲ. ತಕ್ಕಡಿ ರಿಪೇರಿಯೇ ಅವರ ಕಸುಬು, ಒಪ್ಪಿಕೊಂಡೆ. ಆದರೆ ಹಾರುವ ವಿಮಾನದ ವೇಗವನ್ನು ಬಾಲಕ್ಕೆ ದಾರ ಕಟ್ಟಿ ನಿಲ್ಲಿಸಿಕೊಂಡು ತೂಗುತ್ತೇನೆ ಅಂದರೆ ಕೇಳಿಕೊಂಡು ಸುಮ್ಮನಿರಬೇಕೆ? ಒಂಬತ್ತು ವರ್ಷ ಸುಮ್ಮನಿದ್ದೆ. ಅದೇ ನಾನು ಮಾಡಿದ ತಪ್ಪು.

ಭಾವ ಅಂದರೆ ನನ್ನ ಗಂಡನ ಅಣ್ಣ. ಮುಚ್ಚಿಹೋದ ಗಿರಣಿಯ ಹಿಂದಿನ ಬಯಲಲ್ಲಿ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನಗಳ ಕ್ಲಬ್ ಒಂದಿದೆ. ಇವರೇ ಅಧ್ಯಕ್ಷರು. ಹದಿನಾಲ್ಕು ಸದಸ್ಯರಲ್ಲಿ ಹೆಂಗಸು ಅಂತ ಇರುವುದು ನಾನೊಬ್ಬಳೇ. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಪಂಪುಗಳಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ. ಕ್ಲಬ್ಬಿನ ವೇಗದ ವಿಮಾನದ ಮೋಟಾರನ್ನೂ ನಾನೇ ಸುತ್ತಿದ್ದು. ಗಾಳಿಗೆ ತಡೆಯಾಗುತ್ತದೆಂದು ಆ ವಿಮಾನಕ್ಕೆ ಚಕ್ರ ಇಟ್ಟಿಲ್ಲ. ಒಬ್ಬರು ಅದನ್ನು ಕೈಯಲ್ಲಿ ಹಿಡಿದು ಎಸೆಯಬೇಕು, ಇನ್ನೊಬ್ಬರು ರಿಮೋಟ್ ಹಿಡಿದು ಹಾರಿಸಬೇಕು. ಒಂಬತ್ತು ವರ್ಷವೂ ಎಸೆದವಳು ನಾನು, ಹಾರಿಸಿದವರು ಅವರು.

ಹೋದ ವರ್ಷ ಬಲಭುಜ ಹಿಡಿದುಕೊಂಡು ಕೈ ಎತ್ತಲಾಗುತ್ತಿಲ್ಲ ಅಂದೆ. ಭಾವ ತಲೆ ಎತ್ತಿ ಕೂಡ ನೋಡಲಿಲ್ಲ. "ಅಭ್ಯಾಸ ಆಗುತ್ತೆ ಬಿಡಮ್ಮ," ಅಂದರು. ಎಂಟು ವರ್ಷ ಎಸೆದವಳಿಗೆ ಇನ್ನೆಂಥ ಅಭ್ಯಾಸ?

ವರ್ಷಕ್ಕೊಮ್ಮೆ ಸುತ್ತಲಿನ ಕ್ಲಬ್ಬುಗಳೆಲ್ಲ ಸೇರಿ ವೇಗದ ಪಂದ್ಯ ನಡೆಸುತ್ತವೆ. ನೂರು ಮೀಟರ್ ಅಂತರದಲ್ಲಿ ಎರಡು ಕಂಬ, ಮೊದಲ ಕಂಬದಿಂದ ಎರಡನೆಯದಕ್ಕೆ ಎಷ್ಟು ಸೆಕೆಂಡು ಅನ್ನುವುದೇ ಲೆಕ್ಕ. ಒಂದು ಕ್ಲಬ್ಬಿಗೆ ಒಂದೇ ವಿಮಾನ. ಈ ವರ್ಷ ನಾನು ಹಾರಿಸಬೇಕು, ಫಲಿತಾಂಶದ ಹಲಗೆಯಲ್ಲಿ ಹಾರಿಸಿದವರ ಕಾಲಮ್ಮಿನಲ್ಲಿ ಒಂದು ಸಲವಾದರೂ ನನ್ನ ಹೆಸರು ಬರಬೇಕು ಅಂತ ಹಟ ಹಿಡಿದೆ. ಭಾವ ಮೀಸೆಯಲ್ಲೇ ನಕ್ಕರು.

"ಆಯ್ತಮ್ಮ. ನೀನೊಂದು ಪ್ರೊಪೆಲ್ಲರ್ ತಾ, ನಾನೊಂದು ತರ್ತೀನಿ. ಯಾರದು ಜಾಸ್ತಿ ಎಳಿಯುತ್ತೋ ಅವರು ಹಾರಿಸ್ಲಿ. ತಕ್ಕಡಿ ಯಾರ ಕಡೆನೂ ವಾಲಲ್ಲ."

ಪ್ರೊಪೆಲ್ಲರಿಗೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಈ ತುದಿಯಿಂದ ಆ ತುದಿಗೆ ಎಷ್ಟು ಇಂಚು ಉದ್ದ ಅನ್ನುವುದು. ಎರಡನೆಯದು ಪಿಚ್, ಅಂದರೆ ಮರಕ್ಕೆ ಸ್ಕ್ರೂ ಇಳಿದ ಹಾಗೆ ಒಂದು ಸುತ್ತಿಗೆ ಗಾಳಿಯಲ್ಲಿ ಎಷ್ಟು ಇಂಚು ಮುಂದಕ್ಕೆ ಹೋಗಬೇಕು ಅನ್ನುವುದು. ಭಾವನದು ಹತ್ತು-ಐದು: ಉದ್ದದ ರೆಕ್ಕೆ, ಕಡಿಮೆ ಪಿಚ್ಚು. ನಾನು ತಂದದ್ದು ಎಂಟು-ಎಂಟು. ಗಿಡ್ಡದಾದ್ದರಿಂದ ಮೋಟಾರಿಗೆ ಹಗುರ, ಹೆಚ್ಚು ಸುತ್ತು ಹೊಡೆಯುತ್ತದೆ. ಸುತ್ತು ಸುತ್ತಿಗೂ ಎಂಟೆಂಟು ಇಂಚು ನುಗ್ಗುತ್ತದೆ. ಅದರ ದೋಷ ಒಂದೇ. ನಿಂತಲ್ಲಿ ಅದಕ್ಕೆ ಗಾಳಿ ಹಿಡಿತಕ್ಕೆ ಸಿಗುವುದಿಲ್ಲ, ಸುಮ್ಮನೆ ಬೊರ್ರೆಂದು ಕಡೆಯುತ್ತದೆ. ಸೈಕಲ್ಲನ್ನು ದೊಡ್ಡ ಗೇರಿನಲ್ಲಿಟ್ಟು ನಿಂತಲ್ಲಿಂದ ತುಳಿದು ನೋಡಿ, ಹಾಗೆ. ಯಾರಾದರೂ ಜೋರಾಗಿ ತಳ್ಳಿಬಿಟ್ಟರೆ ಸಾಕು, ಆಮೇಲೆ ಅದರ ಆಟ ಶುರು.

ಇದನ್ನೆಲ್ಲ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಬಾಯಿ ನೋಯುವಷ್ಟು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಮಾನವನ್ನು ಗಾಲಿ ಹಲಗೆಯ ಮೇಲೆ ಮಲಗಿಸಿ, ಬಾಲಕ್ಕೆ ದಾರ ಬಿಗಿದು, ದಾರವನ್ನು ಗೋಡೆಯ ಕೊಕ್ಕೆತಕ್ಕಡಿಗೆ ಸಿಕ್ಕಿಸಿದರು. ಹತ್ತು-ಐದು ಒಂದು ಕಿಲೋ ನಾನೂರು ಗ್ರಾಂ ಎಳೆಯಿತು. ನನ್ನದು ಒಂಬೈನೂರು.

"ಪಾಪ, ಹೆಣ್ಣುಮಗು, ಸೋತುಹೋಯ್ತು," ಅಂದರು ಭಾವ. ನನ್ನ ಪ್ರೊಪೆಲ್ಲರಿಗೆ ಅಂದದ್ದೋ, ನನಗೆ ಅಂದದ್ದೋ, ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ಮೂಲೆಯಲ್ಲಿ ಕನ್ನಡಕ ಒರೆಸುತ್ತಾ ನಿಂತಿದ್ದರು. ಅವರದು ಕನ್ನಡಕದ ಅಂಗಡಿ. ಅಣ್ಣನ ಮುಂದೆ ಬಾಯಿ ತೆರೆಯಬೇಕಾದಾಗಲೆಲ್ಲ ಅವರ ಕನ್ನಡಕಕ್ಕೆ ಧೂಳು ಕೂರುತ್ತದೆ.

ಮರುದಿನ ಬೆಳಿಗ್ಗೆಯೇ ಅವರನ್ನು ಬಯಲಿಗೆ ಎಳೆದುಕೊಂಡು ಹೋದೆ. ಅವರು ಎಸೆದರು, ನಾನು ಹಾರಿಸಿದೆ. ಎಸೆದು ಎಲ್ಲಿ ಅಭ್ಯಾಸ! ಮೊದಲ ಎರಡು ಸಲ ವಿಮಾನ ಹುಲ್ಲಿಗೆ ಮೂಗು ಹಾಕಿತು. "ಮಗೂನ ಮಲಗಿಸ್ತಿದ್ದೀರೇನ್ರೀ? ಓಡಿ ಬೀಸಿ ಎಸೀರಿ!" ಅಂತ ಕಿರುಚಿದ ಮೇಲೆ ಮೂರನೆಯ ಸಲ ನೆಟ್ಟಗೆ ಹೋಯಿತು. ಆಮೇಲೆ ಅವರೇ ಸ್ಟಾಪ್‌ವಾಚ್ ಹಿಡಿದರು. ಹತ್ತು-ಐದಕ್ಕೆ ಐದು ಸೆಕೆಂಡು, ಮೇಲೊಂದಿಷ್ಟು. ಎಂಟು-ಎಂಟಕ್ಕೆ ಮೂರೂವರೆ. ಅವರು ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದರು. ಮತ್ತೆ ಹಾರಿಸಿದೆ. ಮತ್ತೆ ಮೂರೂವರೆ.

ಮುಂದಿನ ಭಾನುವಾರ ಆ ಸೆಕೆಂಡುಗಳನ್ನು ಬರೆದ ಚೀಟಿಯನ್ನು ಭಾವನ ಕೈಗೆ ಕೊಟ್ಟೆ. ಓದಲೂ ಇಲ್ಲ, ಮಡಚಿ ವಾಪಸ್ ಕೊಟ್ಟರು.

"ಗಂಡ-ಹೆಂಡ್ತಿ ಸೇರ್ಕೊಂಡು ಅಳೆದದ್ದನ್ನ ಕ್ಲಬ್ಬು ಒಪ್ಪಲ್ಲಮ್ಮ."

"ಹಾಗಾದ್ರೆ ನೀವೇ ಬಂದು ಅಳೀರಿ ಭಾವ. ಈಗ್ಲೇ ಹಾರಿಸ್ತೀನಿ."

"ತಕ್ಕಡಿ ಒಂದ್ಸಲ ಹೇಳಿದ್ ಮೇಲೆ ಮುಗೀತು. ನೀನು ಎಸೆಯೋದ್ರಲ್ಲಿ ಎತ್ತಿದ ಕೈ. ಅದನ್ನ ನೋಡ್ಕೋ."

ಎಂಟು-ಎಂಟನ್ನು ಅಂಗಡಿಯ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಪ್ರತಿ ಪ್ರೊಪೆಲ್ಲರನ್ನೂ ನಾನು ಸರಿತೂಕ ಮಾಡಿಯೇ ಬಳಸುವುದು. ಒಂದು ರೆಕ್ಕೆ ಕೂದಲೆಳೆಯಷ್ಟು ಹಗುರವಿದ್ದರೆ ಅದರ ಹಿಂಬದಿಗೆ ಉಗುರುಬಣ್ಣದ ಒಂದು ಚುಕ್ಕೆ ಇಡುತ್ತೇನೆ. ಇದಕ್ಕೂ ಕೆಂಪು ಚುಕ್ಕೆ ಇಟ್ಟಿದ್ದೆ. ಇಟ್ಟದ್ದು ಒಳ್ಳೆಯದಾಯಿತು.

ಪಂದ್ಯದ ದಿನ ನಮ್ಮ ಸರದಿ ಬಂತು. ಒಂದೊಂದು ಕ್ಲಬ್ಬಿಗೆ ಐದು ನಿಮಿಷ. ಭಾವ ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು, ಗಡಿಯಾರ ಶುರುವಾದ ಮೇಲೆಯೇ ಬಟ್ಟೆ ತೆಗೆದು ನನ್ನ ಕೈಗಿತ್ತರು. "ಮೆಲ್ಲಗೆ ಬಿಡು ಸಾಕು, ತಾನೇ ಎದ್ದು ಹೋಗುತ್ತೆ," ಅಂದರು.

ನೋಡುತ್ತೇನೆ, ಮೂತಿಯಲ್ಲಿ ಗಿಡ್ಡ ಪ್ರೊಪೆಲ್ಲರ್. ತಿರುಗಿಸಿದೆ. ಹಿಂಬದಿಯಲ್ಲಿ ನನ್ನ ಕೆಂಪು ಚುಕ್ಕೆ.

ಡ್ರಾಯರಿನ ಇನ್ನೊಂದು ಕೀ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ತಿರುಗಿದೆ. ಆ ಮಹಾನುಭಾವರು ಆಗಲೇ ಕನ್ನಡಕ ತೆಗೆದಿದ್ದರು.

"ಅಣ್ಣ ಕೇಳ್ದ ಕಣೇ. ಮೂರೂವರೆ ನಿಜಾನಾ ಅಂದ. ನಿಜ ಅಂದೆ. ಹಾಗಾದ್ರೆ ಕೊಡು ಅಂದ," ಅಂದರು.

"ಮನೆಯವರದ್ದೇ ಅಲ್ವೇನಮ್ಮ, ನಿಂದು ನಂದು ಅಂತ ಏನಿದೆ?" ಅಂದರು ಭಾವ. "ಹೊತ್ತಾಯ್ತು, ಬಿಡು."

ಅಬ್ಬಾ! ಶೆಡ್ಡಿನಲ್ಲಿ ನಗಿಸುವಾಗ ಅದು ನನ್ನದು, ಗೆಲ್ಲುವಾಗ ಮನೆಯದು! ಆ ಹೊತ್ತಿಗೆ ನನಗೊಂದು ಆಸೆ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ಅವರು ಹೇಳಿದ ಹಾಗೆಯೇ ಮೆಲ್ಲಗೆ ಬಿಟ್ಟರೆ ಸಾಕಿತ್ತು. ಹತ್ತು-ಐದಾದರೆ ಎದ್ದು ಹೋಗುತ್ತಿತ್ತು. ಇದು ನಾಲ್ಕು ಹೆಜ್ಜೆಯಾಚೆ ಮಣ್ಣು ಮುಕ್ಕುತ್ತಿತ್ತು. ಅಷ್ಟು ಜನರೆದುರು ಅಧ್ಯಕ್ಷರ ಮುಖ ಹೇಗಾಗುತ್ತಿತ್ತು ಅಂತ ಊಹಿಸಿ ಒಳಗೊಳಗೇ ಖುಷಿಯಾಯಿತು. ಆದರೆ ಮಣ್ಣು ಮುಕ್ಕುವುದು ನನ್ನ ಮೋಟಾರು, ನನ್ನ ಎಂಟು-ಎಂಟು. ಆಮೇಲೆ ಜನ್ಮವಿಡೀ "ನೋಡಿದ್ಯಾ, ತಕ್ಕಡಿ ಹೇಳಿದ್ದೇ ನಿಜ" ಅಂತ ಅನ್ನಿಸಿಕೊಳ್ಳಬೇಕು.

ವಿಮಾನವನ್ನು ಅವರ ಎದೆಗೇ ಒತ್ತಿ ಹಿಡಿದೆ.

"ನೀವು ಎಸೀರಿ ಭಾವ. ನಾನು ಹಾರಿಸ್ತೀನಿ."

"ಏನು ತಮಾಷೆನಾ? ಹಾರಿಸೋರು ಅಂತ ಚೀಟೀಲಿ ನನ್ನ ಹೆಸರಿದೆ!"

"ಪ್ರೊಪೆಲ್ಲರಲ್ಲಿ ನನ್ನ ಚುಕ್ಕೆ ಇದೆ. ಕೊಡ್ತೀರೋ, ಇಲ್ಲಾ ಇಲ್ಲೇ ನಟ್ ಬಿಚ್ಚಿ ಕಿಸೆಗೆ ಹಾಕ್ಕೊಂಡು ಮನೆಗೆ ಹೋಗ್ಲೋ?"

ನನ್ನ ದನಿ ಸ್ವಲ್ಪ ದೊಡ್ಡದು. ಅಂಗಡಿಯಲ್ಲಿ ಮೋಟಾರುಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಸುತ್ತ ನಿಂತಿದ್ದವರೆಲ್ಲ ಇತ್ತ ತಿರುಗಿದರು. ಮೇಜಿನ ಬಳಿ ಪಂದ್ಯದ ಚೀಟಿ ಹಿಡಿದು ಕೂತಿದ್ದ ಹಿರಿಯ ಮೇಡಂ ಗಡಿಯಾರ ನೋಡಿದರು. "ವಿಮಾನ ಕೈಬಿಡೋಕೆ ಮೊದ್ಲು ಎಸೆಯೋರು, ಹಾರಿಸೋರು ಅದಲುಬದಲು ಆಗ್ಬಹುದು. ಇಬ್ಬರೂ ಒಪ್ಪಬೇಕು ಅಷ್ಟೆ. ಎರಡು ನಿಮಿಷ ಇದೆ," ಅಂದರು.

ಭಾವ ತಮ್ಮನ ಮುಖ ನೋಡಿದರು. ನನ್ನ ಗಂಡ, ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ, ಕನ್ನಡಕ ಮೂಗಿಗೇರಿಸಿಕೊಂಡು ಅಣ್ಣನನ್ನು ನೇರ ನೋಡಿದರು.

"ಅವಳಿಗೆ ಕೊಡು ಅಣ್ಣ. ಅವಳದ್ದು ಅದು."

ಭಾವನ ಮೂಗಿನ ತುದಿ ಕೆಂಪಾಯಿತು. ರಿಮೋಟು ನನ್ನ ಕೈಗೆ ಬಂತು. ಮೇಡಂ ಚೀಟಿಯಲ್ಲಿ ಎರಡು ಹೆಸರನ್ನೂ ಹೊಡೆದು ಮತ್ತೆ ಬರೆದರು. ನಾನು ಮೋಟಾರಿಗೆ ಪೂರ್ತಿ ವೇಗ ಕೊಟ್ಟೆ, ಅದು ಬೊರ್ರೆಂದು ಕಡೆಯತೊಡಗಿತು. ಭಾವ ಹೂವು ಹಿಡಿದ ಹಾಗೆ ಹಿಡಿದು ನಿಂತಿದ್ದರು.

"ಮೆಲ್ಲಗಲ್ಲ ಭಾವ! ಓಡಿ! ನನ್ನ ಮೇಲಿರೋ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸ್ಕೊಳ್ಳಿ!"

ತೀರಿಸಿಕೊಂಡರು. ಧೋತ್ರದಂಥ ಅವರ ಅಗಲ ಪ್ಯಾಂಟು ಪಟಪಟ ಬಡಿಯುವಂತೆ ಓಡಿ ಬೀಸಿ ಎಸೆದರು. ವಿಮಾನ ಕೆಳಗಿಳಿಯಿತು, ಹುಲ್ಲಿನ ತುದಿ ಸವರಿತು. ಆಗ ಆ ಬೊರ್ರನೆಯ ಸದ್ದು ಸಣ್ಣಗಾಗಿ, ತೀಕ್ಷ್ಣವಾಗಿ, ಸಿಳ್ಳೆಯಾಯಿತು. ಪ್ರೊಪೆಲ್ಲರಿಗೆ ಗಾಳಿ ಹಿಡಿತಕ್ಕೆ ಸಿಕ್ಕಿತ್ತು. ದೂರ ಹೋಗಿ ತಿರುಗಿಸಿ ಕಂಬಗಳ ನಡುವೆ ನೂಕಿದೆ. ಎಲ್ಲರ ಕತ್ತೂ ಒಟ್ಟಿಗೆ ಹೊರಳಿತು.

ಮೂರು ಪಾಯಿಂಟ್ ನಾಲ್ಕು ಸೆಕೆಂಡು. ಆ ದಿನ ಅದಕ್ಕಿಂತ ಬೇಗ ಯಾರೂ ಬರಲಿಲ್ಲ. ಹಲಗೆಯ ಮೇಲೆ ಹಾರಿಸಿದವರ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದರು. ಎರಡು ಸಲ ಹೋಗಿ ಓದಿಕೊಂಡು ಬಂದೆ.

ಅಷ್ಟರಲ್ಲಿ ಹಿಂದಿನಿಂದ ಭಾವನ ದನಿ ಕೇಳಿಸಿತು. ಬೇರೆ ಕ್ಲಬ್ಬಿನವರು ಸುತ್ತ ನೆರೆದಿದ್ದರು. ಭಾವ ಭುಜ ನೀವಿಕೊಳ್ಳುತ್ತಾ ವಿವರಿಸುತ್ತಿದ್ದರು.

"ಪ್ರೊಪೆಲ್ಲರಲ್ಲಿ ಏನಿದೆ ಕಣ್ರೀ? ಎಲ್ಲ ಇರೋದು ಎಸೆತದಲ್ಲಿ. ಎಸೆಯೋ ಕೈ ಗಟ್ಟಿಯಿದ್ರೆ ಹಾರಿಸೋದೇನು, ಯಾರು ಬೇಕಾದ್ರೂ ಹಾರಿಸ್ತಾರೆ."

ನಾನು ನಿಂತಲ್ಲೇ ನಿಂತೆ. ಒಂಬತ್ತು ವರ್ಷ ನಾನು ಎಸೆದಿದ್ದೇನೆ. ಬಿಸಿಲಲ್ಲಿ, ಎದುರುಗಾಳಿಯಲ್ಲಿ, ಹಿಡಿದುಕೊಂಡ ಭುಜದಲ್ಲಿ. ಆ ಒಂಬತ್ತು ವರ್ಷದಲ್ಲಿ ಈ ಮಾತನ್ನು ಒಂದೇ ಒಂದು ಸಲ ಯಾರಾದರೂ ಹೇಳಿದ್ದರೆ, ಬಹುಶಃ ನಾನು ರಿಮೋಟು ಕೇಳುತ್ತಲೇ ಇರಲಿಲ್ಲ.

ಭಾವ ನನ್ನನ್ನು ಕಂಡು ಕೈಯನ್ನು ಭುಜದಿಂದ ಇಳಿಸಿದರು. ಆಮೇಲೆ ನೋವು ತಡೆಯಲಾರದೆ ಮತ್ತೆ ಇಟ್ಟರು.

"ಯಾಕೋ ಹಿಡ್ಕೊಂಡ್ಬಿಟ್ಟಿದೆ ಕಣಮ್ಮ. ಕೈ ಎತ್ತೋಕಾಗ್ತಿಲ್ಲ," ಅಂದರು.

"ಅಭ್ಯಾಸ ಆಗುತ್ತೆ ಬಿಡಿ ಭಾವ," ಅಂದೆ. "ಮುಂದಿನ ವರ್ಷನೂ ನೀವೇ ಎಸೀಬೇಕಲ್ಲ."