ಅಮ್ಮನ ಕುರ್ಚಿಯ ಹಾಡು

ಊರಿನವರೆಲ್ಲ ಅಕ್ಕ ಎಂದೇ ಕರೆಯುವ ಅವರು ಕುರ್ಚಿ ರಿಪೇರಿ ಮಾಡುತ್ತಾರೆ, ತಾವೇ ಹಾಡು ಕಟ್ಟಿ ಹಾಡುತ್ತಾರೆ. ಅವರ ಅಂಗಡಿಯಲ್ಲೇ ಹಾಡಿನ ಕಛೇರಿ ಇಟ್ಟು ಅವರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದೆವು. ನಾನು ಸೌಂಡಿನವನು. ಮೂವತ್ತು ಜನ ರಿಪೇರಿಗೆ ಬಂದ ಕುರ್ಚಿಗಳ ಮೇಲೆಯೇ ಕೂತಿದ್ದರು. ಒಂದೊಂದೂ ಕಿರುಗುಟ್ಟುತ್ತಿತ್ತು.

"ಬಿಡೋ, ಆಮೇಲೆ ಸ್ಟುಡಿಯೋದಲ್ಲಿ ಹಾಡಿಸಿ ಅಂಟಿಸೋಣ," ಎಂದ ಡೈರೆಕ್ಟರ್.

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಇವರನ್ನೆಲ್ಲ ಯಾಕ್ ಕರೆಸಿದ್ರಿ ಸಾರ್? ಗೊಂಬೆ ಕೂರಿಸ್ಬೇಕಿತ್ತು!"

"ಏಯ್ ಕೆಂಡ, ಬಾಯಿ ಮುಚ್ಕೊಂಡು ಗುಂಡಿ ಒತ್ತು. ಇನ್ನೊಂದು ತಪ್ಪಾದ್ರೆ ನಾಳೆಯಿಂದ ಬರ್ಬೇಡ."

ಹಲ್ಲು ಕಚ್ಚಿ ಒತ್ತಿದೆ.

ಅಕ್ಕ ಹಾಡಿದರು. ತೀರಿಹೋದ ತಮ್ಮ ಅಮ್ಮನ ಕುರ್ಚಿಯ ಹಾಡು, ಜನರೆದುರು ಮೊದಲ ಸಲ. 'ಸ್ಪಂಜು ಬದಲಿಸಿದೆ, ಬಟ್ಟೆ ಬದಲಿಸಿದೆ, ಕೂರುವ ನಿನ್ನನ್ನು ಎಲ್ಲಿಂದ ತರಲಿ?' ಪಕ್ಕದವರಿಗೆ ಹೇಳುವಷ್ಟೇ ಮೆಲ್ಲಗೆ. ಕೊನೆಯ ಸಾಲಿನಲ್ಲಿ ದನಿ ಒಡೆಯಿತು. ಅದನ್ನು ಮರೆಮಾಚಲಿಲ್ಲ, ಒಡೆದ ದನಿಯಲ್ಲೇ ಮುಗಿಸಿದರು. ಒಂದು ಕುರ್ಚಿಯೂ ಅಲುಗಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಯಾರಿಗೂ ತಲೆ ಬಾಗಿಸಿದವನಲ್ಲ. ಅಂದು ತಾನಾಗಿಯೇ ಬಾಗಿತು.

ಬಾಗಿದಾಗ ರೆಕಾರ್ಡಿಂಗ್ ಯಂತ್ರ ಕಂಡಿತು. ಕೆಂಪು ದೀಪ ಉರಿಯುತ್ತಿರಲಿಲ್ಲ.

ಜನ ಒಳಬರುವ ಸದ್ದು ಬೇಕೆಂದು ಮೊದಲೇ ಚಾಲೂ ಮಾಡಿದ್ದೆ. ಸಿಟ್ಟಿನಲ್ಲಿ ಅದೇ ಗುಂಡಿ ಮತ್ತೆ ಒತ್ತಿ ನಿಲ್ಲಿಸಿಬಿಟ್ಟಿದ್ದೆ.

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಹೇಗೂ ಸ್ಟುಡಿಯೋ ಹಾಡು ಅಂಟಿಸುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಈ ಅಂಗಡಿಯ ಹಾಡು ಸತ್ತೇಹೋಗುತ್ತಿತ್ತು. ನಾನೇ ಕೊಂದ ಹಾಗೆ.

"ಅಕ್ಕ, ರೆಕಾರ್ಡ್ ಆಗಿಲ್ಲ. ನನ್ನದೇ ತಪ್ಪು."

ಡೈರೆಕ್ಟರ್ ಹಣೆ ಚಚ್ಚಿಕೊಂಡ.

"ಎಲ್ಲಿಂದ ಆಗಿಲ್ಲ?" ಎಂದರು ಅಕ್ಕ.

"ಪೂರ್ತಿ."

ಅಕ್ಕ ನನ್ನ ಮುಖ ನೋಡಿದರು, ನಕ್ಕರು. "ನಾನೂ ಒಬ್ರ ಸೀಟು ತಲೆಕೆಳಗೆ ಹೊಲಿದಿದ್ದೆ ಕಣಪ್ಪಾ. ಬಿಚ್ಚಿ ಹೊಲಿಯೋದು, ಇನ್ನೇನು?" ಜನರತ್ತ ತಿರುಗಿದರು. "ಯಾರೂ ಏಳ್ಬೇಡಿ. ಎದ್ರೆ ಆ ಕುರ್ಚಿ ರಿಪೇರಿ ಮಾಡಲ್ಲ."

ಮತ್ತೆ ಹಾಡಿದರು. ಈ ಸಲ ದನಿ ಒಡೆಯಲಿಲ್ಲ. ಅದೇ ಸಾಲಿನಲ್ಲಿ ಒಂದು ಗಳಿಗೆ ನಿಂತು, ಅಮ್ಮ ಎದುರಿಗೇ ಕೂತಿದ್ದಾರೆ ಎಂಬಂತೆ ಹಾಡಿದರು. ಆ ಮೊದಲ ಹಾಡು ಮೂವತ್ತು ಜನರ ಕಿವಿಯಲ್ಲಷ್ಟೇ ಉಳಿಯಿತು.

ಮರುದಿನ ನನ್ನನ್ನು ಕರೆಯಲಿಲ್ಲ. ಚಿತ್ರ ಬಂದಾಗ ಟಿಕೆಟ್ ತೆಗೆದುಕೊಂಡು ಹೋಗಿ ನೋಡಿದೆ. ಸ್ಟುಡಿಯೋ ಹಾಡು ಇರಲಿಲ್ಲ. ನಾನು ಹಿಡಿದದ್ದನ್ನೇ ಇಟ್ಟಿದ್ದರು, ಎರಡನೇ ಸಲ ಶುರು ಮಾಡುವ ಮುಂಚೆ ಅಕ್ಕ "ಒತ್ತಿದ್ಯೇನಪ್ಪಾ?" ಎಂದು ಕೇಳಿದ್ದೂ ಸೇರಿ.